ಕ್ಯಾರಬ್ ಕಾಯಿ: ಒಣಗಿದ್ದನ್ನೇ ಮತ್ತೆ ಯಾಕೆ ಒಣಗಿಸಬೇಕು?

ಸೈಪ್ರಸ್‌ಗೆ ಹೋಗಿದ್ದ ಗೆಳೆಯನೊಬ್ಬ ಲಿಮಾಸೋಲ್‌ನಿಂದ ಒಂದು ಪೊಟ್ಟಣ ಕ್ಯಾರಬ್ ಕಾಯಿ ತಂದುಕೊಟ್ಟಿದ್ದ. ನೋಡೋಕೆ ದೊಡ್ಡ ಹುಣಸೆಕಾಯಿ ಥರ, ಆದರೆ ಚಪ್ಪಟೆ, ಕಡುಕಂದು ಬಣ್ಣ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತೆ. ಒಣಗಿದೆಯಲ್ಲ ಅಂತ ಮುರಿದು, ಬೀಜ ತೆಗೆದು, ಸುಮ್ನೆ ಮಿಕ್ಸಿಗೆ ಹಾಕಿದೆ. ಒಂದೇ ನಿಮಿಷಕ್ಕೆ ಬ್ಲೇಡಿನ ಸುತ್ತ ಬೆಲ್ಲದ ಪಾಕದಂಥ ಮುದ್ದೆ ಕೂತಿತು. ಜಾರು ತೊಳೆಯೋಕೆ ಅರ್ಧ ಗಂಟೆ ಹಿಡಿಯಿತು. ಆ ಮುದ್ದೆ ಯಾಕೆ ಆಯಿತು ಅಂತ ಗೊತ್ತಾದರೆ ಕಾಯಿ ಒಣಗಿಸೋ ಈ ಪಾಠದ ಮುಕ್ಕಾಲು ಭಾಗ ಗೊತ್ತಾದ ಹಾಗೆ.

ಮೊದಲು ಕಾಯಿಯ ಬಗ್ಗೆ ಎರಡು ಮಾತು. ಕ್ಯಾರಬ್ ಮೆಡಿಟರೇನಿಯನ್ ತೀರದ ಮರ, ಹುಣಸೆಯ ಹಾಗೆ ಇದೂ ದ್ವಿದಳ ಧಾನ್ಯಗಳ ಕುಟುಂಬದ್ದು. ಶರತ್ಕಾಲದಲ್ಲಿ ಹೂ ಬಿಟ್ಟರೆ ಕಾಯಿ ಮಾಗೋದು ಮುಂದಿನ ವರ್ಷದ ಬೇಸಿಗೆ ಕೊನೆಗೆ. ಉದ್ದ ಕೋಲಿನಿಂದ ಬಡಿದು ಬೀಳಿಸುತ್ತಾರೆ, ನಮ್ಮಲ್ಲಿ ಹುಣಸೆ ಬಡಿಯೋ ಹಾಗೇ. ತೂಕದಲ್ಲಿ ಸುಮಾರು 90 ಭಾಗ ತಿರುಳು, 10 ಭಾಗ ಬೀಜ. ತಿರುಳಿನಲ್ಲಿ ಹೆಚ್ಚುಕಮ್ಮಿ ಅರ್ಧ ಸಕ್ಕರೆಯೇ.

ಮರದಲ್ಲೇ ಒಣಗಿ ಬಂದರೂ ಕೊಯ್ಲಿನ ಹೊತ್ತಿಗೆ ಕಾಯಲ್ಲಿ 10ರಿಂದ 20 ಶೇಕಡಾ ನೀರು ಇರುತ್ತೆ. ಅಷ್ಟು ನೀರು ಇದ್ದಾಗ ಸಕ್ಕರೆ ತುಂಬಿದ ತಿರುಳು ಚರ್ಮದ ಪಟ್ಟಿ ಥರ ಬಗ್ಗುತ್ತೆ, ಮುರಿಯಲ್ಲ. ಅರೆಯೋಕೆ ಹೋದರೆ ಉಜ್ಜಾಟಕ್ಕೆ ಬಿಸಿಯಾಗಿ ಇನ್ನೂ ಮೆತ್ತಗಾಗಿ ಅಂಟುತ್ತೆ. ಅದಕ್ಕೇ ತೇವಾಂಶವನ್ನು 8 ಶೇಕಡಾ ಹತ್ತಿರಕ್ಕೆ ಇಳಿಸಿ ಆಮೇಲೆ ಒಡೆಯುತ್ತಾರೆ. ಆಗ ತಿರುಳು ಪಟಪಟ ಮುರಿಯುತ್ತೆ, ಬೀಜ ಅಂಟದೆ ಬೇರೆಯಾಗುತ್ತೆ, ಜರಡಿ ಕೆಲಸ ಸಲೀಸು. ಒದ್ದೆಯಾಗಿ ರಾಶಿ ಹಾಕಿದರೆ ಬೂಸ್ಟು ಹಿಡಿಯೋದೂ ಗ್ಯಾರಂಟಿ.

ಇಲ್ಲಿ ಪರೀಕ್ಷೆಯಲ್ಲಿ ಎಲ್ಲರೂ ಎಡವೋ ಲೆಕ್ಕ ಒಂದಿದೆ. 100 ಕೆಜಿ ಕಾಯಿ, ತೇವಾಂಶ 18 ಶೇಕಡಾ. 8ಕ್ಕೆ ಇಳಿಸಬೇಕು. ಎಷ್ಟು ನೀರು ಹೋಗಬೇಕು? 10 ಕೆಜಿ ಅಂದರೆ ತಪ್ಪು. ಒಣಗಿಸುವಾಗ ಬದಲಾಗದೆ ಉಳಿಯೋದು ಒಣ ಪದಾರ್ಥ ಮಾತ್ರ, ಅದು 82 ಕೆಜಿ. ಕೊನೆಗೆ ಈ 82 ಕೆಜಿಯೇ ಒಟ್ಟು ತೂಕದ 92 ಶೇಕಡಾ ಆಗಿರಬೇಕು. 82 ಅನ್ನು 0.92ರಿಂದ ಭಾಗಿಸಿದರೆ 89.1. ಅಂದರೆ ಹೋಗಬೇಕಾದ ನೀರು 10.9 ಕೆಜಿ. ಇಲ್ಲಿ 18 ಶೇಕಡಾ ಅಂದದ್ದು ಒಟ್ಟು ತೂಕದಲ್ಲಿ ನೀರಿನ ಪಾಲು. ನೀರನ್ನು ಬರೀ ಒಣ ಪದಾರ್ಥಕ್ಕೆ ಹೋಲಿಸೋ ಒಣ ತೂಕದ ಲೆಕ್ಕದಲ್ಲಿ ಇದೇ 18 ಶೇಕಡಾ 22 ಆಗುತ್ತೆ (18 ಭಾಗಿಸು 82). ಉತ್ತರದಲ್ಲಿ ಯಾವ ಲೆಕ್ಕ ಅಂತ ಬರೆಯದಿದ್ದರೆ ಮಾರ್ಕ್ಸ್ ಹೋಯಿತು ಅಂತಲೇ ತಿಳ್ಕೊಳ್ಳಿ.

ತೇವಾಂಶ ಅಳೆಯುವಾಗಲೂ ಸಕ್ಕರೆ ಕಾಟ ಕೊಡುತ್ತೆ. ಧಾನ್ಯಕ್ಕೆ ಮಾಡೋ ಹಾಗೆ 105 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಸಕ್ಕರೆಯೂ ಕೆಡೋಕೆ ಶುರುವಾಗಿ, ಹೋದ ತೂಕವೆಲ್ಲ ನೀರಿನದೇ ಅನ್ನಿಸಿಬಿಡುತ್ತೆ. ಒಣಹಣ್ಣುಗಳಿಗೆ ನಿರ್ವಾತ ಓವನ್ನಿನಲ್ಲಿ 70 ಡಿಗ್ರಿ ಇಡೋದು ಇದಕ್ಕೇ.

ಒಣಗೋ ವೇಗದ ಗ್ರಾಫ್ ಬರೆದರೆ ಶುರುವಿನಿಂದಲೇ ಇಳಿಜಾರು. ಬಟ್ಟೆ ಒಣಗುವಾಗ ಮೇಲಿನ ನೀರು ಮೊದಲು ಒಂದೇ ವೇಗದಲ್ಲಿ ಹಾರುತ್ತಲ್ಲ, ಆ ಹಂತ ಇಲ್ಲಿ ಕಾಣೋದೇ ಇಲ್ಲ. ಮೇಲೆ ನೀರೇ ಇಲ್ಲ. ಇರೋದೆಲ್ಲ ತಿರುಳಿನ ಒಳಗಿಂದ ನಿಧಾನಕ್ಕೆ ಹೊರಗೆ ಬರಬೇಕು, ಗಟ್ಟಿ ಸಿಪ್ಪೆ ಬೇರೆ ಅಡ್ಡ. ಒಳಗಿಂದ ನೀರು ಬರೋಕೆ ಹಿಡಿಯೋ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ. ದಪ್ಪ ಅರ್ಧ ಆದರೆ ಸಮಯ ಕಾಲು. ಹಾಗಾಗಿ ಕಾಯಿಯನ್ನು ತುಂಡು ಮಾಡಿ ಒಣಗಿಸಿದರೆ ಬೇಗ ಒಣಗುತ್ತೆ. ಬಿಸಿ ಜಾಸ್ತಿ ಮಾಡಿದರೂ ಬೇಗ ಒಣಗುತ್ತೆ ನಿಜ, ಆದರೆ ಬಣ್ಣ, ರುಚಿ ಬದಲಾಗುತ್ತೆ. ಹುರಿಯೋದು ಬೇರೆಯೇ ಕೆಲಸ. ಕೋಕೋ ಥರದ ಘಮಕ್ಕೆ ಸುಮಾರು 120ರಿಂದ 180 ಡಿಗ್ರಿ ಬೇಕು, ಒಣಗಿಸೋಕೆ ಅಷ್ಟು ಬೇಡ.

ಇನ್ನು ಅಳತೆಗಳು. ವರ್ನಿಯರ್ ಹಿಡಿದು ಉದ್ದ, ಅಗಲ, ದಪ್ಪ ಅಳೆದು, ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಸರಾಸರಿ ವ್ಯಾಸ. ಅದನ್ನು ಉದ್ದದಿಂದ ಭಾಗಿಸಿದರೆ ಸ್ಫೆರಿಸಿಟಿ, ಅಂದರೆ ವಸ್ತು ಎಷ್ಟು ದುಂಡಗಿದೆ ಅನ್ನೋದು. ನನ್ನ ಪೊಟ್ಟಣದ ಒಂದು ಕಾಯಿ: 170, 22, 9 ಮಿಮೀ. ವ್ಯಾಸ 32.3, ಸ್ಫೆರಿಸಿಟಿ 0.19. ಅದರದೇ ಬೀಜ: 9, 7, 4 ಮಿಮೀ. ಸ್ಫೆರಿಸಿಟಿ 0.70. ಈ ಎರಡು ಸಂಖ್ಯೆ ಸಾಕು ಯಂತ್ರದ ಕಥೆ ಹೇಳೋಕೆ. ಬೀಜ ಯಂತ್ರದ ಬಾಯಿಗಿರೋ ಆಲಿಕೆಯಂಥ ಹಾಪರ್‌ನಲ್ಲಿ ಉರುಳಿ ಇಳಿಯುತ್ತೆ. ಕಾಯಿ ಒಂದಕ್ಕೊಂದು ಸಿಕ್ಕಿಕೊಂಡು ಬಾಯಿಗೆ ಸೇತುವೆ ಕಟ್ಟಿ ನಿಂತುಬಿಡುತ್ತೆ. ರಾಶಿಯಲ್ಲಿ ಕಾಯಿಗಳ ನಡುವೆ ಖಾಲಿ ಜಾಗವೂ ಜಾಸ್ತಿ. ಸಾಗಿಸುವಾಗ ಅದು ನಷ್ಟ, ಆದರೆ ಗಾಳಿ ಆಡೋದರಿಂದ ಒಣಗಿಸುವಾಗ ಲಾಭ.

ಬೀಜವನ್ನು ಎಸೆಯೋ ಹಾಗಿಲ್ಲ. ಅದರ ಒಳಗಿನ ಬಿಳಿ ಭಾಗದಿಂದಲೇ ಐಸ್‌ಕ್ರೀಮಿಗೆ ಹಾಕೋ ಗಮ್ ಬರೋದು. ಪೊಟ್ಟಣದ ಮೇಲೆ ಇ410 ಅಂತ ಇರುತ್ತೆ ನೋಡಿ. ನಮ್ಮ ಗೋರಿಕಾಯಿ ಬೀಜದ ಗೌರ್ ಗಮ್ (ಇ412) ಇದರ ದಾಯಾದಿ.

ಚಿನ್ನ, ವಜ್ರದ ಕ್ಯಾರೆಟ್ ಅನ್ನೋ ಮಾತೂ ಇದೇ ಬೀಜದ ಗ್ರೀಕ್ ಹೆಸರಿನಿಂದ ಬಂದದ್ದು. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಇದ್ದ ಹಾಗೆ ಅವರಿಗೆ ಕ್ಯಾರಬ್. ಈಗ ವಜ್ರ ತೂಗೋ ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಎಲ್ಲ ಬೀಜವೂ ಒಂದೇ ತೂಕ ಅಂತ ಹೇಳೋದುಂಟು. ನಂಬಬೇಡಿ. ಲ್ಯಾಬಿನಲ್ಲಿ ಹತ್ತು ಬೀಜ ಒಂದೊಂದಾಗಿ ತಕ್ಕಡಿಗೆ ಹಾಕಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಪ್ರಾಕ್ಟಿಕಲ್‌ನಲ್ಲಿ ಒಂದು ಬೀಜದ ತೂಕ ಬರೆಯದೆ ಸಾವಿರ ಬೀಜದ ತೂಕ ಬರೆಸೋದು ಅದಕ್ಕೇ.