ಪದ ಪರಿಚಯ: ಪ್ರೊಆಕ್ಟಿವ್

ಕೆಲಸದ ಜಾಹೀರಾತುಗಳಲ್ಲಿ ‘ಪ್ರೊಆಕ್ಟಿವ್ ಆಗಿರಬೇಕು’ ಎಂಬ ಮಾತು ಆಗಾಗ ಕಾಣುತ್ತದೆ. ನಮ್ಮ ಕಾಸರಗೋಡಿನ ಹುಡುಗ ಹುಡುಗಿಯರೂ ಬಯೋಡಾಟಾದಲ್ಲಿ ಅದನ್ನೇ ಬರೆಯುತ್ತಾರೆ. ಚುರುಕಾಗಿ ಓಡಾಡುವುದು ಅಂತ ಅರ್ಥ ಮಾಡಿಕೊಂಡವರೇ ಜಾಸ್ತಿ. ಆದರೆ ಪದ ಹೇಳುವುದು ಬೇರೆ. ಮುಂದೆ ಏನು ಬರಬಹುದು ಎಂದು ಅಂದಾಜು ಮಾಡಿ, ಯಾರೂ ಹೇಳುವ ಮೊದಲೇ ತಮ್ಮ ಪಾಲಿನ ಕೆಲಸ ಮಾಡುವವರು ಪ್ರೊಆಕ್ಟಿವ್. ತೊಂದರೆ ಬಂದ ಮೇಲೆ ಏಳುವವರು ರಿಯಾಕ್ಟಿವ್.

ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಬಿಡುವುದು ಮಳೆಗಾಲ ಹಿಡಿಯುವ ಮೊದಲು. ಅದಾಗಿ 40-45 ದಿನಕ್ಕೆ ಇನ್ನೊಮ್ಮೆ. ಎಳೆ ಕಾಯಿ ಉದುರಲು ಶುರುವಾದ ಮೇಲೆ ಓಡಾಡಿದರೆ ಉದುರಿದ್ದಂತೂ ಹೋಯಿತು.

ಇನ್ನು ಕೌಂಟರಿನ ಕೆಲಸ ನೋಡೋಣ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಒಬ್ಬರು ಅರ್ಜಿ ಹಾಕಲು ಬರುತ್ತಾರೆ. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಮೊದಲು, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಕೊನೆಗೆ. ಕೊಟ್ಟದ್ದನ್ನು ಸುಮ್ನೆ ಅಪ್‌ಲೋಡ್ ಮಾಡಿ ಕಳಿಸಿದರೂ ಯಾರೂ ಬೈಯುವುದಿಲ್ಲ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, “ಅಕ್ಕಾ, ಹೆಸರು ತಾಳೆ ಆಗ್ತಾ ಇಲ್ಲ. ಅರ್ಜಿ ವಾಪಸ್ ಬಂದೀತು, ಮೊದಲು ಇದನ್ನು ಸರಿ ಮಾಡಿಸಿ” ಎಂದು ಹೇಳುವವರಿದ್ದಾರೆ. ಕೆಲಸ ಎರಡು ನಿಮಿಷದ್ದು. ಅಕ್ಕನಿಗೆ ಬಸ್ ಹತ್ತಿ ಮತ್ತೆ ಮತ್ತೆ ಬರುವುದು ತಪ್ಪಿತು, ಅಲ್ವಾ? ಗಮನಿಸಿ, ಅವರು ತಾವೇ ಹೆಸರು ತಿದ್ದಲಿಲ್ಲ. ಹೇಳದೆ ಕೇಳದೆ ಇನ್ನೊಬ್ಬರ ಕಾಗದಕ್ಕೆ ಕೈ ಹಾಕಿದರೆ ಅದು ಅಧಿಕಪ್ರಸಂಗ.

ಮನಶ್ಶಾಸ್ತ್ರದಲ್ಲಿ 1930ರ ದಶಕದಿಂದಲೇ ಈ ಪದ ಬೇರೆ ಅರ್ಥದಲ್ಲಿದೆ: ಮೊದಲು ಕಲಿತದ್ದು ಹೊಸ ಕಲಿಕೆಗೆ ಅಡ್ಡ ಬರುವುದು. ಆಫೀಸಿನ ಅರ್ಥಕ್ಕೂ ಅದಕ್ಕೂ ಸಂಬಂಧ ಹುಡುಕಬೇಡಿ.

ಈ ಗುಣ ಕಚೇರಿಗಳಿಗೂ ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅಧಿಕಾರಿಗಳ ಕರ್ತವ್ಯ, ಬಜೆಟ್ ಮುಂತಾದ ವಿವರಗಳನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕು. ಇದಕ್ಕೆ ಪ್ರೊಆಕ್ಟಿವ್ ಡಿಸ್‌ಕ್ಲೋಷರ್ ಅನ್ನುತ್ತಾರೆ. ಹಾಗೆ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಗಮನಿಸಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಗಡಿನಾಡಿನವರಾದ ನಮಗೆ ಇದು ದೊಡ್ಡ ಮಾತು. ಕೇರಳದ 1969ರ ಭಾಷಾ ಕಾಯ್ದೆಯಂತೆ, ಕನ್ನಡ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಬರಬೇಕು. ಅದು ಬರೆದವರಿಗೆ ಸಿಗುವ ಉತ್ತರ. ಕನ್ನಡದ ಫಾರಂ ಬಾಯಿಬಿಟ್ಟು ಕೇಳಲು ಹಿಂಜರಿಯುವ ಅಜ್ಜಿಗೆ, ಕೇಳುವ ಮೊದಲೇ ಅದನ್ನು ಮುಂದಿಡುವ ಕಚೇರಿ ಇದೆಯಲ್ಲ, ಅದನ್ನು ಪ್ರೊಆಕ್ಟಿವ್ ಎಂದು ಧಾರಾಳವಾಗಿ ಕರೆಯಬಹುದು.