ಮರದ ನೆಲ, ಮುಚ್ಚಿದ ಕೋಣೆ: ಒಳಗಿನ ಗಾಳಿಯ ಲೆಕ್ಕ

"ವುಡನ್ ಫ್ಲೋರಿಂಗ್‌ನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ." ಪರೀಕ್ಷೆಯಲ್ಲಿ ಈ ಒಂದು ಸಾಲು ಬರೆದರೆ ಎರಡು ಮಾರ್ಕ್ಸ್ ಬರುತ್ತದೆ. ನಾನೂ ಹಾಗೇ ಬಾಯಿಪಾಠ ಮಾಡಿಕೊಂಡಿದ್ದೆ. ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಅಂತ ಕೇಳಿಕೊಂಡಿರಲಿಲ್ಲ.

ಮೊದಲು ಅಂಗಡಿಯಲ್ಲಿ ಲ್ಯಾಮಿನೇಟ್‌ನ (ವುಡನ್ ಫ್ಲೋರಿಂಗ್‌ನಲ್ಲಿ ಒಂದು ಬಗೆ) ಒಂದು ಸ್ಯಾಂಪಲ್ ತುಂಡು ಇಸ್ಕೊಂಡು ಕತ್ತರಿಸಿದ ಅಂಚನ್ನು ನೋಡಿ. ಮೇಲೆ ಪಾರದರ್ಶಕವಾದ ಗಟ್ಟಿ ಪದರ. ಅದರಡಿ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದ, ಅಂದರೆ ಮರದ ಫೋಟೊ! ಉಳಿದದ್ದೆಲ್ಲ ಬಿಸ್ಕತ್ ಬಣ್ಣದ ದಟ್ಟ ಹಲಗೆ. ಅದೇ ಎಚ್‌ಡಿಎಫ್. ಮರದ ನಾರಿಗೆ ಅಂಟು ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ್ದು. ಅಂಟು ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್. ಅಗ್ಗ, ಬೇಗ ಗಟ್ಟಿಯಾಗುತ್ತದೆ. ಆದರೆ ತೇವ, ಶಾಖ ಎರಡೂ ಸೇರಿದರೆ ಅದರ ಬಂಧಗಳು ನಿಧಾನಕ್ಕೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಫ್ಯಾಕ್ಟರಿಯಲ್ಲಿ ಉಳಿದುಹೋದ ಅನಿಲ ಮಾತ್ರವಲ್ಲ, ಮನೆಯಲ್ಲೂ ಹೊಸದಾಗಿ ಹುಟ್ಟುತ್ತದೆ. "ವಾಸನೆ ಹೋಯ್ತು, ಇನ್ನೇನೂ ಇಲ್ಲ" ಅನ್ನುವ ಮಾತನ್ನು ನಂಬಬೇಡಿ. ಮೂಗು ಬೇಗ ಒಗ್ಗಿಹೋಗುತ್ತದೆ.

ಫಾರ್ಮಾಲ್ಡಿಹೈಡ್‌ನಿಂದ ಕಡಿಮೆ ಪ್ರಮಾಣದಲ್ಲಿ ಕಣ್ಣುರಿ, ಗಂಟಲು ಕೆರೆತ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಕೊಟ್ಟ ಮಿತಿ ಘನ ಮೀಟರ್‌ಗೆ 100 ಮೈಕ್ರೊಗ್ರಾಂ, 30 ನಿಮಿಷದ ಸರಾಸರಿ. ಈ 100 ನೆನಪಿರಲಿ, ಈಗ ಬೇಕಾಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇದರ ಲೆಕ್ಕ. ನೆಲದ ಪ್ರತಿ ಚದರ ಮೀಟರ್‌ನಿಂದ ಗಂಟೆಗೆ ಹೊರಬರುವ ಅನಿಲವನ್ನು ಒಟ್ಟು ನೆಲದ ವಿಸ್ತೀರ್ಣದಿಂದ ಗುಣಿಸಿ. ಅದನ್ನು ಕೋಣೆಯ ಗಾತ್ರ, ಮತ್ತು ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಅನ್ನುವುದು, ಈ ಎರಡರ ಗುಣಲಬ್ಧದಿಂದ ಭಾಗಿಸಿ. ಪ್ರತಿ ಘನ ಮೀಟರ್ ಗಾಳಿಯಲ್ಲಿ ಎಷ್ಟು ಅನಿಲ ಇದೆ ಅನ್ನುವುದೇ ಉತ್ತರ. ಗಾತ್ರ ಅಂದರೆ ವಿಸ್ತೀರ್ಣ ಗುಣಿಸು ಎತ್ತರ ಅಲ್ವಾ? ಹಾಗಾದರೆ ವಿಸ್ತೀರ್ಣ ಮೇಲೂ ಇದೆ, ಕೆಳಗೂ ಇದೆ. ಹೊಡೆದುಹೋಯ್ತು! ಗೋಡೆಯಿಂದ ಗೋಡೆಗೆ ಹಲಗೆ ಹಾಕಿದ ಮೇಲೆ ಕೋಣೆ ದೊಡ್ಡದೋ ಚಿಕ್ಕದೋ ಲೆಕ್ಕಕ್ಕಿಲ್ಲ. ಉಳಿಯುವುದು ಸೂರಿನ ಎತ್ತರ ಮತ್ತು ಗಾಳಿಯ ಓಡಾಟ, ಅಷ್ಟೇ.

ಸುಮ್ನೆ ಒಂದು ಉದಾಹರಣೆಗೆ ಚದರ ಮೀಟರ್‌ಗೆ ಗಂಟೆಗೆ 60 ಮೈಕ್ರೊಗ್ರಾಂ ಅಂದುಕೊಳ್ಳಿ. ಸೂರು 3 ಮೀಟರ್. ಕಿಟಕಿ ತೆರೆದು ಗಂಟೆಗೆ 3 ಸಲ ಗಾಳಿ ಬದಲಾದರೆ ಉತ್ತರ 7ರ ಹತ್ತಿರ. ಕಿಟಕಿ ಹಾಕಿ ಎಸಿ ಹಚ್ಚಿ, ಬದಲಾವಣೆ 0.2ಕ್ಕೆ ಇಳಿದರೆ 100. ಹಲಗೆ ಅದೇ, ಮನೆ ಅದೇ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಬೆಡ್‌ರೂಮಿಗೇ ಮೊದಲು ಲ್ಯಾಮಿನೇಟ್ ಹಾಕಿಸುತ್ತಾರೆ, ಎಸಿಯೂ ಅಲ್ಲೇ ಇರುತ್ತದೆ. (ಒಂದು ತಿದ್ದುಪಡಿ: ಗಾಳಿಯಲ್ಲಿ ಅನಿಲ ಹೆಚ್ಚಾದಂತೆ ಹಲಗೆ ಬಿಡುವುದು ಸ್ವಲ್ಪ ಕಡಿಮೆಯಾಗುತ್ತದೆ. ಈ ಸೂತ್ರ ಅದನ್ನು ಲೆಕ್ಕ ಹಿಡಿಯುವುದಿಲ್ಲ.)

ಸೂರಿನ ಎತ್ತರದ ವಿಷಯದಲ್ಲಿ ಅಮೆರಿಕದ ದೊಡ್ಡ ಸಂಸ್ಥೆಯೇ ಎಡವಿತ್ತು. 2015ರ ಮಾರ್ಚ್‌ನಲ್ಲಿ ಅಲ್ಲಿನ ಒಂದು ಟಿವಿ ಕಾರ್ಯಕ್ರಮವು ಲಂಬರ್ ಲಿಕ್ವಿಡೇಟರ್ಸ್ ಕಂಪನಿ ಮಾರುತ್ತಿದ್ದ, ಚೀನಾದಲ್ಲಿ ತಯಾರಾದ ಲ್ಯಾಮಿನೇಟ್‌ನಲ್ಲಿ ಫಾರ್ಮಾಲ್ಡಿಹೈಡ್ ಮಿತಿ ಮೀರಿದೆ ಎಂದು ವರದಿ ಮಾಡಿತು. ಮೇ ತಿಂಗಳಲ್ಲಿ ಕಂಪನಿ ಅದರ ಮಾರಾಟ ನಿಲ್ಲಿಸಿತು. 2016ರ ಫೆಬ್ರವರಿಯಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಲೆಕ್ಕ ಹಾಕಿ, ಲಕ್ಷ ಜನರಲ್ಲಿ 2ರಿಂದ 9 ಹೆಚ್ಚುವರಿ ಕ್ಯಾನ್ಸರ್ ಆಗಬಹುದು ಅಂದಿತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು: 6ರಿಂದ 30. ಏನಾಗಿತ್ತು? ಎತ್ತರವನ್ನು ಅಡಿಯಿಂದ ಮೀಟರ್‌ಗೆ ಬದಲಾಯಿಸಿರಲಿಲ್ಲ. ಸೂರು ಮೂರು ಪಟ್ಟು ಮೇಲೆ ಹೋಯ್ತು, ಅಪಾಯ ಮೂರನೇ ಒಂದು ಭಾಗಕ್ಕೆ ಇಳಿಯಿತು. ಯೂನಿಟ್ ಬರೆಯದೆ ಮಾರ್ಕ್ಸ್ ಕಳೆದುಕೊಂಡವರಿಗೆ ಇದೊಂದು ಸಮಾಧಾನ.

"ಇದು ಇ1 ಸಾರ್, ಏನೂ ಆಗಲ್ಲ" ಎಂದು ಅಂಗಡಿಯವರು ಹೇಳುತ್ತಾರೆ. ಇ1 ಅಂದರೆ ಹಲಗೆ ಎಷ್ಟು ಫಾರ್ಮಾಲ್ಡಿಹೈಡ್ ಬಿಡುತ್ತದೆ ಎಂದು ಪರೀಕ್ಷಿಸಿ ಕೊಡುವ ಯುರೋಪಿನ ಒಂದು ದರ್ಜೆ. ಅದು ಸುಳ್ಳಲ್ಲ. ಆದರೆ ಯುರೋಪಿನ ಆ ಪರೀಕ್ಷೆ ನಡೆಯುವುದು 23 ಡಿಗ್ರಿ ಶಾಖ, ಶೇ 45 ತೇವ, ಗಂಟೆಗೆ ಒಂದು ಸಲ ಗಾಳಿ ಬದಲಾಗುವ ಪೆಟ್ಟಿಗೆಯೊಳಗೆ. ಮಂಗಳೂರಿನ ಜುಲೈ ತಿಂಗಳು ಆ ಪೆಟ್ಟಿಗೆಯಲ್ಲಿಲ್ಲ.

ತೇವದ ಮಾತು ಬಂತಲ್ಲ, ಅದರ ಇನ್ನೊಂದು ಮುಖ ಹಲಗೆಯ ಅಡಿಯಲ್ಲಿದೆ. ಒಂದು ಸೈಟಿನಲ್ಲಿ ಬಾಲ್ಕನಿ ಬಾಗಿಲ ಹತ್ತಿರ ಹಲಗೆ ಉಬ್ಬಿತ್ತು. ಕಾರ್ಪೆಂಟರ್ ಸ್ಕರ್ಟಿಂಗ್ ಕಿತ್ತು ಎರಡು ಹಲಗೆ ಎಬ್ಬಿಸಿದಾಗ ಮುಗ್ಗಲು ವಾಸನೆ ಮುಖಕ್ಕೇ ಹೊಡೆಯಿತು. ಬಿಳಿ ಫೋಮ್ ಶೀಟಿನ ಕೆಳಗೆ ಕಪ್ಪು ಬೂಷ್ಟು ಹರಡಿಕೊಂಡಿತ್ತು. ಮೇಲಿನ ನೆಲ ಮಾತ್ರ ಫಳಫಳ. ಮಳೆನೀರು ಒಳಗೆ ಬಂದದ್ದು ಒಂದು ಕಾರಣ. ಇನ್ನೊಂದು, ಕೆಳಗಿನ ಕಾಂಕ್ರೀಟ್ ಪೂರ್ತಿ ಒಣಗುವ ಮೊದಲೇ ಹಲಗೆ ಹಾಕಿದ್ದು. ಸುಲಭದ ಪರೀಕ್ಷೆ ಇದೆ: ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಎತ್ತಿದಾಗ ಒಳಗೆ ಹನಿ ಕಂಡರೆ, ಅಥವಾ ಕಾಂಕ್ರೀಟ್ ಬಣ್ಣ ಕಪ್ಪಾಗಿದ್ದರೆ, ಕೆಲಸ ಮುಂದೂಡಿ. ಏನೂ ಕಾಣದಿದ್ದರೂ ಆಳದಲ್ಲಿ ತೇವ ಇರಬಹುದು. ಅದಕ್ಕೆ ತೇವ ಅಳೆಯುವ ಮೀಟರ್ ಬೇಕು.

ಕೆಲಸದ ದಿನದ ಧೂಳು ಬೇರೆಯೇ ವಿಷಯ. ನೆಲ ಸಮ ಮಾಡಲು ಗ್ರೈಂಡರ್ ಹಾಕಿದರೆ ಸಿಲಿಕಾ ಧೂಳು, ಹಲಗೆ ಕೊಯ್ದರೆ ಮರದ ಧೂಳು. ಎರಡೂ ಕ್ಯಾನ್ಸರ್‌ನ ಅದೇ ಮೊದಲನೇ ಗುಂಪಿನವು. ನಿಜವಾದ ಅಪಾಯ ಮನೆಯವರಿಗಿಂತ ಜಾಸ್ತಿ, ವರ್ಷಪೂರ್ತಿ ಅದನ್ನೇ ಉಸಿರಾಡುವ ಕಾರ್ಪೆಂಟರ್‌ಗೆ. ನಮ್ಮ ಪಠ್ಯದಲ್ಲಿ ಅವನ ಹೆಸರೇ ಇಲ್ಲ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡರೆ ಸಿಲಿಕಾದ ಸಣ್ಣ ಕಣ ನಿಲ್ಲುವುದಿಲ್ಲ. ಕೊಯ್ಯುವ ಕೆಲಸ ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಆಗಲಿ.

ಅಪ್ಪಟ ಮರ ಹಾಕಿಸಿದರೆ ಈ ರಗಳೆಯಿಲ್ಲ ಅನ್ನುವವರಿಗೆ: ಅದರ ಮೇಲೆ ಬಳಿಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಯಾವ ಬಗೆಯದು ಅಂತ ಕೇಳಿ ನೋಡಿ. ಎರಡು ಡಬ್ಬ ಬೆರೆಸುವ ಬಗೆಯದಾದರೆ ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಸಿರಿನ ಮೂಲಕ ಹೋದರೆ ಆಸ್ತಮಾ ತರಬಲ್ಲದು. ಪೂರ್ತಿ ಗಟ್ಟಿಯಾಗುವವರೆಗೆ ಆ ಕೋಣೆಯಲ್ಲಿ ಮಲಗುವುದು ಬೇಡ.

ಅಭ್ಯಾಸಕ್ಕೆ ಒಂದು ಲೆಕ್ಕ. ಮೇಲಿನ ಎಸಿ ಕೋಣೆಗೇ ಫಾಲ್ಸ್ ಸೀಲಿಂಗ್ ಹಾಕಿಸಿದರು, ಸೂರು 3ರಿಂದ 2.4 ಮೀಟರ್‌ಗೆ ಇಳಿಯಿತು. ಉಳಿದದ್ದೆಲ್ಲ ಹಾಗೇ. ನನಗೆ 125 ಬಂತು. ನಿಮಗೆ?