ವಿಜೆಟ್ ಇಟ್ಟುಕೊಂಡರೆ ಕಂಪ್ಯೂಟರ್ ಸ್ಲೋ ಆಗುತ್ತಾ?

ಪ್ರಶ್ನೆ: ಸರ್, ಡೆಸ್ಕ್‌ಟಾಪ್ ಮೇಲೆ ಹವಾಮಾನ, ಕ್ಯಾಲೆಂಡರ್, ಗಡಿಯಾರದ ವಿಜೆಟ್ ಇಟ್ಟುಕೊಂಡರೆ ನಿಜಕ್ಕೂ ಏನಾದರೂ ಉಪಯೋಗ ಇದೆಯಾ? ರಿಪೇರಿ ಅಂಗಡಿಯವರು ‘ಇವೆಲ್ಲ ತೆಗೀರಿ, ಇದರಿಂದಲೇ ಲ್ಯಾಪ್‌ಟಾಪ್ ಸ್ಲೋ ಆಗಿರೋದು’ ಅಂದರು.

ಉತ್ತರ: ಉಪಯೋಗ ಇದೆ. ಸ್ಲೋ ಆಗಿರುವುದು ಅದರಿಂದಲ್ಲ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ, ನಾನೂ ಹೇಳುತ್ತಲೇ ಇದ್ದೇನೆ. ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಉಪಯೋಗದ ಮಾತು ಬೇಗ ಮುಗಿಯುತ್ತದೆ. ಒಮ್ಮೆ ಕಣ್ಣು ಹಾಯಿಸಿದರೆ ತಿಳಿಯುವ ಸಂಗತಿಗೆ ವಿಜೆಟ್ ಬೇಕು. ಸಂಜೆ ಮಳೆ ಇದೆಯಾ? ಮುಂದಿನ ಮೀಟಿಂಗ್ ಎಷ್ಟು ಗಂಟೆಗೆ? ಇಷ್ಟಕ್ಕೆ ಬ್ರೌಸರ್ ತೆರೆದರೆ ಅಲ್ಲಿಂದ ಇನ್ನೆಲ್ಲಿಗೋ ಹೋಗಿ ಕಾಲು ಗಂಟೆ ಕಳೆದಿರುತ್ತದೆ, ಅಲ್ವಾ? ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಡಬ್ಲ್ಯೂ ಒತ್ತಿ. ವಿಜೆಟ್‌ಗಳ ಫಲಕ ಬರುತ್ತದೆ, ನೋಡಿ, ಮುಚ್ಚಿ. ಮ್ಯಾಕ್‌ನಲ್ಲಿ 2023ರ ಸೊನೋಮಾ ಆವೃತ್ತಿಯಿಂದ ಈಚೆಗೆ ಡೆಸ್ಕ್‌ಟಾಪ್ ಮೇಲೆಯೇ ವಿಜೆಟ್ ಇಡಬಹುದು. ರಿಮೈಂಡರ್ಸ್ ವಿಜೆಟ್‌ನಲ್ಲಿ ಕೆಲಸದ ಪಕ್ಕದ ಪುಟ್ಟ ವೃತ್ತ ಒತ್ತಿದರೆ ಆ ಕೆಲಸ ಮುಗಿದ ಲೆಕ್ಕ. ಆ್ಯಪ್ ತೆರೆಯಬೇಕಾಗಿಯೇ ಇಲ್ಲ.

ಈಗ ‘ಸ್ಲೋ’ ವಿಷಯಕ್ಕೆ ಬರೋಣ. ಒಂದು ಕಾಲಕ್ಕೆ ಈ ಮಾತಿನಲ್ಲಿ ಸತ್ಯ ಇತ್ತು. 2005ರಲ್ಲಿ ಆಪಲ್ ಮ್ಯಾಕ್‌ನ ಟೈಗರ್ ಆವೃತ್ತಿಯಲ್ಲಿ ಡ್ಯಾಶ್‌ಬೋರ್ಡ್ ಅನ್ನುವ ವಿಜೆಟ್‌ಗಳ ಪರದೆ ತಂದಿತು. ಅದರ ಒಂದೊಂದು ವಿಜೆಟ್ಟೂ ಒಂದೊಂದು ಪುಟ್ಟ ವೆಬ್ ಪುಟ. ಟೈಗರ್‌ಗೆ ಬೇಕಿದ್ದ ಕನಿಷ್ಠ ಮೆಮೊರಿ 256 ಎಂಬಿ. ಅಷ್ಟರಲ್ಲಿ ಏಳೆಂಟು ವೆಬ್ ಪುಟ ಸದಾ ತೆರೆದಿಟ್ಟರೆ ಯಂತ್ರ ಏದುಸಿರು ಬಿಡದೆ ಇನ್ನೇನು ಮಾಡೀತು? 2007ರಲ್ಲಿ ವಿಂಡೋಸ್ ವಿಸ್ತಾ ಬಂತು. ಪರದೆಯ ಬಲಗಡೆ ಗಡಿಯಾರ, ಫೋಟೊ ತೋರಿಸುವ ಗ್ಯಾಜೆಟ್‌ಗಳು (ವಿಜೆಟ್‌ಗೆ ಆಗ ವಿಂಡೋಸ್‌ನಲ್ಲಿದ್ದ ಹೆಸರು) ಸಾಲಾಗಿ ನಿಂತವು. ವಿಸ್ತಾ ತಾನೇ ಭಾರವಾಗಿತ್ತು. ಆದರೆ ಕಣ್ಣಿಗೆ ಕಾಣುತ್ತಿದ್ದದ್ದು ಗಡಿಯಾರ, ಹಾಗಾಗಿ ತಪ್ಪೆಲ್ಲ ಅದರ ತಲೆಗೆ ಬಂತು.

2012ರ ಜುಲೈನಲ್ಲಿ ಮೈಕ್ರೋಸಾಫ್ಟ್ ‘ಗ್ಯಾಜೆಟ್‌ಗಳನ್ನು ಆಫ್ ಮಾಡಿ’ ಎಂದು ಸೂಚನೆ ಕೊಟ್ಟಿತು. ವಿಂಡೋಸ್ 8ರಲ್ಲಿ ಅವು ಬರಲೇ ಇಲ್ಲ. ‘ನೋಡಿದ್ರಾ, ಸ್ಲೋ ಆಗುತ್ತೆ ಅಂತ ಕಂಪನಿಯವರೇ ತೆಗೆದರು’ ಎಂದು ಇವತ್ತಿಗೂ ವಾದ ಮಾಡುವವರಿದ್ದಾರೆ. ಅದಲ್ಲ ಕಾರಣ. ಕಂಪ್ಯೂಟರ್‌ನಲ್ಲಿ ನಿಮಗೆ ಏನೇನು ಮಾಡುವ ಅಧಿಕಾರ ಇದೆಯೋ, ಗ್ಯಾಜೆಟ್‌ಗೂ ಅಷ್ಟೇ ಅಧಿಕಾರ ಸಿಗುತ್ತಿತ್ತು. ಯಾರೋ ಕೆಟ್ಟ ಉದ್ದೇಶದಿಂದ ಮಾಡಿದ ಗ್ಯಾಜೆಟ್ ಹಾಕಿಕೊಂಡರೆ ನಿಮ್ಮ ಫೈಲುಗಳೆಲ್ಲ ಅದರ ಕೈಗೆ. ಹೆದರಿಕೆ ಇದ್ದದ್ದು ಸುರಕ್ಷತೆಯದ್ದು, ವೇಗದ್ದಲ್ಲ.

ಇವತ್ತಿನ ವಿಜೆಟ್ ಕೆಲಸ ಮಾಡುವ ರೀತಿಯೇ ಬೇರೆ. ಮ್ಯಾಕ್ ಮತ್ತು ಐಫೋನ್‌ನಲ್ಲಿ ವಿಜೆಟ್ ಇಡೀ ದಿನ ಓಡುತ್ತಿರುವುದಿಲ್ಲ. ಯಾವ ಹೊತ್ತಿಗೆ ಏನು ತೋರಿಸಬೇಕು ಅನ್ನುವುದನ್ನು ಆ್ಯಪ್ ಮೊದಲೇ ಸಿದ್ಧ ಮಾಡಿ ಸಿಸ್ಟಂಗೆ ಕೊಟ್ಟು ಸುಮ್ಮನಾಗುತ್ತದೆ. ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಹಾಗೆ: ವರ್ಷದ ತಾರೀಕೆಲ್ಲ ಆಗಲೇ ಅಚ್ಚಾಗಿರುತ್ತದೆ, ಹಾಳೆ ತಿರುವುವುದಷ್ಟೇ ಬಾಕಿ. ಹೊಸದಾಗಿ ಮಾಹಿತಿ ತರುವುದಕ್ಕೂ ಲಗಾಮು ಇದೆ. ಜಾಸ್ತಿ ನೋಡುವ ವಿಜೆಟ್‌ಗೆ ದಿನಕ್ಕೆ ಸಾಮಾನ್ಯವಾಗಿ 40ರಿಂದ 70 ಸಲ ಎಂದು ಆಪಲ್ ತನ್ನ ಡೆವಲಪರ್‌ಗಳಿಗೆ ಹೇಳಿದೆ. ಇದರಿಂದ ಲ್ಯಾಪ್‌ಟಾಪ್ ಹೇಗೆ ನಿಧಾನ ಆದೀತು, ನೀವೇ ಹೇಳಿ.

ವಿಂಡೋಸ್ 11ರ ಫಲಕ ಎಡ್ಜ್ ಬ್ರೌಸರ್‌ನ ಎಂಜಿನ್ ಮೇಲೆ ನಡೆಯುತ್ತದೆ. ಒಂದಿಷ್ಟು ಮೆಮೊರಿ ತಿನ್ನುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಎಷ್ಟು ಅನ್ನುವುದನ್ನು ಅಂಗಡಿಯವರ ಬಾಯಲ್ಲಿ ಕೇಳಬೇಡಿ, ಕಣ್ಣಾರೆ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ‘ಮೆಮೊರಿ’ ಅನ್ನುವ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುವವರು ಮೇಲಕ್ಕೆ ಬರುತ್ತಾರೆ. ಅಲ್ಲಿ ಮೊದಲು ಸಿಗುವುದು ಸಾಮಾನ್ಯವಾಗಿ ನೀವು ಮುಚ್ಚದೆ ಬಿಟ್ಟ ಬ್ರೌಸರ್ ಟ್ಯಾಬ್‌ಗಳು. ಪಕ್ಕದ ‘ಸ್ಟಾರ್ಟ್ಅಪ್ ಆ್ಯಪ್ಸ್’ ಪಟ್ಟಿಯನ್ನೂ ತೆರೆಯಿರಿ. ಕಂಪ್ಯೂಟರ್ ಆನ್ ಆದ ಕೂಡಲೇ ನಿಮ್ಮನ್ನು ಕೇಳದೆ ಏಳುವವರೆಲ್ಲ ಅಲ್ಲಿದ್ದಾರೆ. ಹಳೆಯ ಹಾರ್ಡ್ ಡಿಸ್ಕ್, 4 ಜಿಬಿ ಮೆಮೊರಿ ಇರುವ ಯಂತ್ರವಾದರೆ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್ಎಸ್‌ಡಿ ಹಾಕಿಸಿ. ಗಡಿಯಾರ ತೆಗೆದು ಫಲವಿಲ್ಲ.

ಫಲಕದಲ್ಲಿ ಬರುವ ಸುದ್ದಿಗಳ ಕಾಟ ಬೇಡವಾದರೆ ಅದರ ಸೆಟ್ಟಿಂಗ್ಸ್‌ನಲ್ಲಿ ‘ಷೋ ಆರ್ ಹೈಡ್ ಫೀಡ್ಸ್’ ಹುಡುಕಿ ಆಫ್ ಮಾಡಿ. ವಿಜೆಟ್ ಉಳಿಯುತ್ತದೆ, ಸುದ್ದಿ ಹೋಗುತ್ತದೆ.

ಗಡಿಯಾರದ ಮಾತು ಬಂತಲ್ಲ, ನೀವು ಕೇಳದಿದ್ದರೂ ಒಂದು ವಿಷಯ ಹೇಳಿಬಿಡುತ್ತೇನೆ. ಮಕ್ಕಳು ಅಮೆರಿಕದಲ್ಲಿರುವ ಎಷ್ಟೋ ಮನೆಗಳಲ್ಲಿ ‘ಹನ್ನೆರಡೂವರೆ ಗಂಟೆ ಕಳೆದರಾಯ್ತು’ ಅಂತ ಬಾಯಿಲೆಕ್ಕ ಇಟ್ಟುಕೊಂಡಿರುತ್ತಾರೆ. ಸಿಯಾಟಲ್, ಸ್ಯಾನ್ ಹೋಸೆ ಕಡೆಗೆ ಆ ಲೆಕ್ಕ ಸರಿ, ಆದರೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಮಾತ್ರ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಂತರ ಹದಿಮೂರೂವರೆ ಆಗುತ್ತದೆ. ನಮ್ಮ ರಾತ್ರಿ 8 ಗಂಟೆಯ ಫೋನು ಅಲ್ಲಿ ಬೆಳಿಗ್ಗೆ 7:30ರ ಬದಲು 6:30ಕ್ಕೇ ಎಬ್ಬಿಸುತ್ತದೆ. ವಿಂಡೋಸ್‌ನಲ್ಲಿ ಟಾಸ್ಕ್‌ಬಾರ್‌ನ ಸಮಯದ ಮೇಲೆ ರೈಟ್ ಕ್ಲಿಕ್ ಮಾಡಿ, ದಿನಾಂಕದ ಸೆಟ್ಟಿಂಗ್ಸ್‌ಗೆ ಹೋಗಿ ‘ಅಡಿಷನಲ್ ಕ್ಲಾಕ್ಸ್’ ಹುಡುಕಿ. ಇನ್ನೂ ಎರಡು ಊರಿನ ಗಡಿಯಾರ ಸೇರಿಸಬಹುದು. ಪಟ್ಟಿಯಲ್ಲಿ ‘ಪೆಸಿಫಿಕ್ ಟೈಮ್’ ಅನ್ನುವುದನ್ನೇ ಆರಿಸಿ. ಅದರ ಹತ್ತಿರದಲ್ಲೇ ‘ಕೋಆರ್ಡಿನೇಟೆಡ್ ಯೂನಿವರ್ಸಲ್ ಟೈಮ್-08’ ಅಂತ ಇನ್ನೊಂದಿದೆ. ಅದು ವರ್ಷವಿಡೀ ಬದಲಾಗುವುದಿಲ್ಲ, ಬೇಸಿಗೆಯಲ್ಲಿ ಒಂದು ಗಂಟೆ ತಪ್ಪು ತೋರಿಸುತ್ತದೆ.